ಎರಡು ತುಂಡು ವಾಲ್‌ಪೇಪರ್

ಕಾಟಿಪಳ್ಳ, ಮಂಗಳೂರು
16 ನವೆಂಬರ್ 2025, ಭಾನುವಾರ

ಪ್ರೀತಿಯ ಮಾವನಿಗೆ ಅಳಿಯ ಶೈಲೇಶ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ ಮಾವ? ಕಡಲಾಚೆಯ ಸೊಹಾರ್‌ನಲ್ಲಿ ಈಗ ಸೆಕೆ ಇಳಿದಿರಬೇಕು. ನಿಮ್ಮ ಬೆನ್ನುನೋವು ಹೇಗುಂಟು? ಗೋದಾಮಿನಲ್ಲಿ ಕುಳಿತು ಮಾಡುವ ಕೆಲಸ, ಭಾರ ಎತ್ತಲಿಕ್ಕಿಲ್ಲ ಎಂದು ಕೇಳಿದೆ. ಅದು ನಿಜವಾಗಿದ್ದರೆ ಸಮಾಧಾನ. ಅಲ್ಲಿ ಕುಚ್ಚಲಕ್ಕಿ ಸಿಗುತ್ತದೆಯೇ, ಇಲ್ಲ ಬೆಳ್ತಿಗೆಯ ಬಿಳಿ ಅನ್ನದಲ್ಲೇ ದಿನ ಕಳೆಯುತ್ತೀರಾ? ಮನೆಯಲ್ಲಿ ಬೆಳ್ತಿಗೆ ಅನ್ನ ಮಾಡಿದ ದಿನ ನೀವು ತಟ್ಟೆಯ ಮುಂದೆ ಕುಳಿತು ‘ಯಾರಿಗೆ ಹುಷಾರಿಲ್ಲ?’ ಎಂದು ಕೇಳುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ನನ್ನ ಅಕ್ಷರ ನಿಮಗೆ ಗುರುತು ಸಿಗಲಿಕ್ಕಿಲ್ಲ. ನೀವು ಹೋಗುವಾಗ ನನಗೆ ಹನ್ನೆರಡು. ಈಗ ಇಪ್ಪತ್ತೊಂದು, ಅಪ್ಪನಿಗಿಂತ ಎರಡಿಂಚು ಎತ್ತರ, ಹೆಸರಿಗೆ ಒಂದು ಮೀಸೆಯೂ ಉಂಟು. ವಿಳಾಸ ಎಲ್ಲಿಂದ ಸಿಕ್ಕಿತು ಎಂದು ಗಾಬರಿಯಾಗಬೇಡಿ, ಅದನ್ನೇ ಹೇಳಲು ಹೊರಟಿದ್ದೇನೆ. ಪತ್ರದ ಕೊನೆಯ ಹಾಳೆಗೆ ಪಿನ್ ಹಾಕಿದ ಎರಡು ತುಂಡು ವಾಲ್‌ಪೇಪರ್ ಇವೆ. ದಯವಿಟ್ಟು ಅವನ್ನು ಈಗಲೇ ಬಿಚ್ಚಬೇಡಿ. ಮೊದಲು ಪತ್ರ ಓದಿ.

ಮನೆಯ ಸುದ್ದಿ ಮೊದಲು ಹೇಳಿಬಿಡುತ್ತೇನೆ. ಅಜ್ಜಿಗೆ ಮೊಣಕಾಲು ನೋವು ಬಿಟ್ಟರೆ ಬೇರೆ ತೊಂದರೆ ಇಲ್ಲ, ಬಾಯಿ ಇನ್ನೂ ಜೋರುಂಟು. ಅಪ್ಪ ಎಂದಿನಂತೆ ಬೆಳಿಗ್ಗೆ ಐದೂವರೆಗೆ ಬಸ್ಸಿನ ಸ್ಟಿಯರಿಂಗ್ ಹಿಡಿಯುತ್ತಾರೆ. ಅಕ್ಷಿತಕ್ಕನ ಮದುವೆ ನಿಶ್ಚಯವಾಗಿದೆ. ಜನವರಿ ಇಪ್ಪತ್ತೈದು, ಸುರತ್ಕಲ್‌ನ ಹಾಲ್‌ನಲ್ಲಿ. ಹುಡುಗ ಒಳ್ಳೆಯವ, ಸ್ವಲ್ಪ ಮಾತು ಜಾಸ್ತಿ. ಆದರೆ ಮನೆಯಲ್ಲಿ ಒಂದು ವಿಷಯಕ್ಕೆ ಎಲ್ಲರೂ ಮುಖ ದಪ್ಪ ಮಾಡಿಕೊಂಡು ಕುಳಿತಿದ್ದಾರೆ. ಧಾರೆಯ ದಿನ ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತರುವುದು ಸೋದರಮಾವನ ಕೆಲಸ, ನಿಮಗೆ ನಾನು ಹೇಳಬೇಕಾಗಿಲ್ಲ. ಅಮ್ಮ ಆ ಕೆಲಸಕ್ಕೆ ಮೂಲ್ಕಿಯ ತನ್ನ ದೊಡ್ಡಮ್ಮನ ಮಗನಿಗೆ ಹೇಳಿಬಿಟ್ಟಿದ್ದಾಳೆ. ಅಕ್ಕ ಬೇಡ ಎನ್ನಲಿಲ್ಲ, ಬೇಕು ಎಂದೂ ಹೇಳಲಿಲ್ಲ. ಆ ದಿನ ಊಟ ಮಾಡದೆ ಮಲಗಿದಳು. ಅಜ್ಜಿ ಮಾತ್ರ ‘ನನ್ನ ಮಗ ಬದುಕಿರುವಾಗ ಬೇರೆಯವರು ಎಂತಕ್ಕೆ?’ ಎಂದು ಗೋಡೆಯನ್ನು ನೋಡಿ ಕೇಳುತ್ತಾಳೆ. ಗೋಡೆ ಉತ್ತರ ಹೇಳುವುದಿಲ್ಲ, ಅಮ್ಮನೂ ಹೇಳುವುದಿಲ್ಲ.

ಅಮ್ಮನ ಕೋಪದ ಕಾರಣ ನಿಮಗೆ ಗೊತ್ತು. ನೀವು ಹದಿಮೂರು ವರ್ಷ ಬಣ್ಣ ಕಲಸಿದ ಬೈಕಂಪಾಡಿಯ ಆ ವಾಲ್‌ಪೇಪರ್ ಫ್ಯಾಕ್ಟರಿಯಿಂದ ನಿಮ್ಮನ್ನು ಹೊರಗೆ ಕಳುಹಿಸಿದ ದಿನ ನಾನು ಬಾಗಿಲ ಹಿಂದೆ ನಿಂತಿದ್ದೆ. ಅತ್ತಾವರದ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹಸಿರು ಎಲೆಗಳ ವಾಲ್‌ಪೇಪರ್ ಹೋಗಿತ್ತು, ಅರ್ಧ ಗೋಡೆ ಒಂದು ಬಣ್ಣ, ಉಳಿದರ್ಧ ಕೊಳೆತ ಎಲೆಯ ಬಣ್ಣ ಬಂದಿತ್ತು, ನೀವು ಒಳ್ಳೆಯ ಹಸಿರನ್ನು ಹೊರಗೆ ಮಾರಿ ಬೇರೇನೋ ಕಲಸಿದಿರಿ ಎಂದು ಧಣಿಗಳು ಹೇಳಿದ್ದರು. ಇಷ್ಟು ಆ ದಿನ ನನಗೆ ಅರ್ಥವಾಯಿತು. ಅಮ್ಮ ಅಂಗಳದಲ್ಲೇ ನಿಂತು ‘ಹಸಿರು ಎಲ್ಲಿಗೆ ಹೋಯಿತು ಅಣ್ಣ?’ ಎಂದು ಕೇಳಿದಳು. ನೀವು ‘ನನಗೆ ಗೊತ್ತಿಲ್ಲ’ ಎಂದಿರಿ. ಮೂರು ಸಲ ಕೇಳಿದಳು, ಮೂರು ಸಲವೂ ಅದೇ ಉತ್ತರ. ಆಮೇಲೆ ಅವಳ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಮರುವಾರ ನೀವು ಹೋದಿರಿ. ನಂಬರ್ ಬದಲಾಯಿತು. ನಿಮ್ಮ ಮೇಲೆ ನನಗೂ ಸಿಟ್ಟಿತ್ತು ಮಾವ, ಈಗ ಹೇಳಲು ನಾಚಿಕೆಯಾಗುತ್ತದೆ. ಶಾಲೆಯಲ್ಲಿ ಒಬ್ಬ ನನ್ನನ್ನು ‘ಪೈಂಟ್ ಕಳ್ಳನ ಅಳಿಯ’ ಎಂದಾಗ ಅವನಿಗೆ ಹೊಡೆದೆ, ಆದರೆ ಅವನು ಹೇಳಿದ್ದು ಸುಳ್ಳು ಎಂದು ನನಗೆ ಅನಿಸಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಾನು ಡಿಸೈನ್ ಕಾಲೇಜಿನಲ್ಲಿ ಮೂರನೇ ವರ್ಷದಲ್ಲಿದ್ದೇನೆ. ಗೋಡೆಗೆ, ಬಟ್ಟೆಗೆ, ನೆಲಕ್ಕೆ ಹಾಸುವಂಥ ಚಿತ್ರಗಳನ್ನು ಬಿಡಿಸುವುದನ್ನು ಕಲಿಯುತ್ತಿದ್ದೇನೆ. ಒಂದು ಎಲೆ, ಒಂದು ಹೂ ಬಿಡಿಸಿ ಅದು ಎಲ್ಲಿ ಮುಗಿದು ಎಲ್ಲಿ ಮತ್ತೆ ಶುರುವಾಯಿತು ಎಂದು ನೋಡುವವರಿಗೆ ತಿಳಿಯದ ಹಾಗೆ ಜೋಡಿಸಬೇಕು. ಆ ಕೆಲಸ ನನಗೆ ಎಷ್ಟು ಇಷ್ಟ ಎಂದು ಹೇಳಿದರೆ ನೀವು ನಗಬಹುದು. ಕಳೆದ ಗುರುವಾರ ನಮ್ಮ ಕ್ಯಾರಲ್ ಮೇಡಂ ಆರು ಜನರನ್ನು ವಾಲ್‌ಪೇಪರ್ ತಯಾರಿಸುವ ಎರಡು ಕಡೆಗೆ ಕರೆದುಕೊಂಡು ಹೋದರು. ಎರಡನೆಯದು ನಿಮ್ಮ ಫ್ಯಾಕ್ಟರಿ ಎಂದು ನನಗೆ ಹಿಂದಿನ ವಾರವೇ ಗೊತ್ತಾಗಿತ್ತು. ಹೋಗದೆ ತಪ್ಪಿಸಿಕೊಳ್ಳಬಹುದಿತ್ತು, ಜ್ವರ ಎಂದು ಹೇಳಿದರೆ ಸಾಕಿತ್ತು. ಅಮ್ಮನಿಗೆ ಹಂಚಿನ ಕಾರ್ಖಾನೆ ನೋಡಲು ಹೋಗುತ್ತೇವೆ ಎಂದು ಸುಳ್ಳು ಹೇಳಿ ಹೊರಟೆ. ಯಾಕೆ ಹೋದೆ ಎಂದು ಕೇಳಿದರೆ, ನಿಮ್ಮನ್ನು ಕಳ್ಳ ಎಂದ ಜಾಗ ಹೇಗಿದೆ ಎಂದು ಒಮ್ಮೆ ನೋಡಬೇಕಿತ್ತು.

ಬೆಳಿಗ್ಗೆ ಹೋದದ್ದು ಒಂದು ಸಣ್ಣ ಘಟಕಕ್ಕೆ. ಅಲ್ಲಿ ಎಲ್ಲವೂ ಕಂಪ್ಯೂಟರ್‌ನಿಂದ ನೇರ ಪ್ರಿಂಟ್. ಪ್ರತಿ ಬಣ್ಣಕ್ಕೂ ಒಂದು ನಂಬರ್, ನಂಬರ್ ಸರಿಯಾಗಿದ್ದರೆ ಬಣ್ಣವೂ ಸರಿ. ಅಲ್ಲಿ ನಾನು ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳಿದೆ, ಮೇಡಂ ಬೆನ್ನು ತಟ್ಟಿದರು. ಮಧ್ಯಾಹ್ನ ನಿಮ್ಮ ಗೇಟಿನೊಳಗೆ ಕಾಲಿಟ್ಟೆವು. ಇಂಕಿನ ವಾಸನೆ ಬಂದದ್ದೇ ನನಗೆ ನಿಮ್ಮ ಅಂಗಿ ನೆನಪಾಯಿತು, ಬಾವಿಕಟ್ಟೆಯ ಹತ್ತಿರ ಬೇರೆಯೇ ಹಗ್ಗದಲ್ಲಿ ಅಮ್ಮ ಒಣಗಿಸುತ್ತಿದ್ದ ಆ ಅಂಗಿಗಳು. ಎತ್ತರದ ಕಾಗದದ ಸುರುಳಿಗಳು, ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್, ಅದರ ಕೆಳಗೆ ಹಾದುಹೋಗುತ್ತ ಎಲೆ, ಮತ್ತೆ ನರ, ಮತ್ತೆ ಹೂ ಮೂಡಿಸಿಕೊಳ್ಳುವ ಕಾಗದ. ನೀವು ಇದನ್ನು ಊಟದ ಹೊತ್ತಿನಲ್ಲಿ ಕೈಯಲ್ಲಿ ತೋರಿಸುತ್ತಿದ್ದಿರಿ. ಎಲ್ಲ ನೀವು ಹೇಳಿದ ಹಾಗೆಯೇ ಇತ್ತು. ಮೆಷಿನ್ ಹತ್ತಿರ ತಲೆ ನರೆತ ಒಬ್ಬರು ನಿಂತಿದ್ದರು. ನಾನು ಅವರನ್ನು ನೋಡಿದ ಕೂಡಲೇ ಹಿಂದೆ ಸರಿದು ಗೆಳೆಯರ ನಡುವೆ ಸೇರಿಕೊಂಡೆ. ನಿಮ್ಮ ಜೊತೆ ಮೆಷಿನ್ ನೋಡಿಕೊಳ್ಳುತ್ತಿದ್ದ, ನೀವು ‘ಪೊರ್ಬು’ ಎಂದು ಕರೆಯುತ್ತಿದ್ದ ರುಡೊಲ್ಫ್ ಅಂಕಲ್. ಪ್ರತಿ ಕ್ರಿಸ್ಮಸ್‌ಗೆ ನಮ್ಮ ಮನೆಗೆ ಕುಸ್ವಾರ್ ತಿಂಡಿಗಳ ತಟ್ಟೆ ತರುತ್ತಿದ್ದವರು, ನೀವು ಹೋದ ಮೇಲೆ ಒಮ್ಮೆಯೂ ನಮ್ಮ ದಾರಿಗೆ ಬಾರದವರು. ಅವರು ನನ್ನನ್ನು ಗುರುತಿಸಿ ಎಲ್ಲರೆದುರು ನಿಮ್ಮ ಹೆಸರು ಹೇಳಿದರೆ ಎಂಬ ಒಂದೇ ಹೆದರಿಕೆ ನನಗೆ.

ಅದಕ್ಕಿಂತ ದೊಡ್ಡ ಹೆದರಿಕೆ ಶೇಡ್ ರೂಮಿನಲ್ಲಿ ಕಾದಿತ್ತು. ಉತ್ತರಕ್ಕೆ ದೊಡ್ಡ ಕಿಟಕಿ ಇರುವ ನಿಮ್ಮ ಅದೇ ಕೋಣೆ. ಮೆಲ್ವಿನ್ ಎಂಬ ಮ್ಯಾನೇಜರ್ ನಮಗೆ ಪದ್ಧತಿ ವಿವರಿಸಿದರು. ಪ್ರತಿ ಬ್ಯಾಚ್ ಶುರುವಾದಾಗ ಒಂದು ತುಂಡು ಕತ್ತರಿಸಿ, ಈ ಕಿಟಕಿಯ ಬೆಳಕಿನಲ್ಲಿ ಮೂಲ ಸ್ಯಾಂಪಲ್‌ನ ಪಕ್ಕ ಹಿಡಿದು, ಬಣ್ಣ ಕಲಸಿದವನೂ ಮೆಷಿನ್‌ನವನೂ ಇಬ್ಬರೂ ನೋಡಿ, ಒಂದು ಕಾರ್ಡಿಗೆ ಅಂಟಿಸಿ ಇಬ್ಬರೂ ಸಹಿ ಹಾಕಿದ ಮೇಲೆಯೇ ಮೆಷಿನ್ ಓಡಬೇಕು. ಟ್ಯೂಬ್‌ಲೈಟಿನಲ್ಲಿ ನೋಡಬಾರದು, ಒಬ್ಬನೇ ನೋಡಬಾರದು. ಇಷ್ಟು ಹೇಳಿ ಅವರು ನಕ್ಕು, ಈ ತಿಂಗಳ ಕೊನೆಗೆ ರುಡೊಲ್ಫ್ ನಿವೃತ್ತರಾಗುತ್ತಾರೆ, ಶೇಡ್ ನೋಡಲು ಒಳ್ಳೆಯ ಕಣ್ಣಿನ ಒಬ್ಬರು ಬೇಕು, ನಿಮ್ಮಲ್ಲಿ ಯಾರಿಗೆ ಉಂಟು ನೋಡುವ, ಗೆದ್ದವರಿಗೆ ಆರು ತಿಂಗಳ ಟ್ರೈನಿಂಗ್ ಇಲ್ಲಿಯೇ, ಎಂದರು. ಒಬ್ಬೊಬ್ಬರ ಮುಂದೆ ಒಂದು ಮೂಲ ತುಂಡು, ಎದುರಿಗೆ ಆರು ತುಂಡು. ಆರರಲ್ಲಿ ಒಂದು ಮಾತ್ರ ಮೂಲದ್ದೇ ಬಣ್ಣ. ನನ್ನ ಪಾಲಿಗೆ ಬಂದದ್ದು ಹಸಿರು.

ಮಾವ, ನಾನು ಇದುವರೆಗೆ ಯಾರಿಗೂ ಹೇಳದ ವಿಷಯವನ್ನು ನಿಮಗೆ ಹೇಳುತ್ತಿದ್ದೇನೆ. ನನಗೆ ಆರೂ ಒಂದೇ ಹಾಗೆ ಕಂಡವು. ಇದು ನನಗೆ ಹೊಸತಲ್ಲ. ಕಳೆದ ವರ್ಷ ಫೋನಿನಲ್ಲಿ ಒಂದು ಪರೀಕ್ಷೆ ಸಿಕ್ಕಿತ್ತು, ಚುಕ್ಕಿಗಳ ವೃತ್ತದೊಳಗೆ ಅಡಗಿರುವ ಅಂಕಿ ಓದುವುದು. ಅರ್ಧಕ್ಕಿಂತ ಹೆಚ್ಚು ವೃತ್ತಗಳಲ್ಲಿ ನನಗೆ ಅಂಕಿಯೇ ಕಾಣಲಿಲ್ಲ. ಫೋನ್ ಮುಚ್ಚಿಟ್ಟೆ, ಯಾರಿಗೂ ಹೇಳಲಿಲ್ಲ. ಕಾಲೇಜಿನಲ್ಲಿ ಬಣ್ಣಗಳನ್ನು ಕಂಪ್ಯೂಟರ್ ನಂಬರಿನಿಂದಲೇ ಬಾಯಿಪಾಠ ಮಾಡಿ ಮೂರು ವರ್ಷ ದೂಡಿದ್ದೇನೆ. ಬಣ್ಣ ಕಾಣದ ಹುಡುಗ ಡಿಸೈನ್ ಕಲಿಯುತ್ತಾನೆ ಎಂದು ಗೊತ್ತಾದರೆ ನಗುವವರೇ ಜಾಸ್ತಿ. ಆ ಕಿಟಕಿಯ ಮುಂದೆ ನಂಬರ್ ಇರಲಿಲ್ಲ. ಒಂದು ತುಂಡು ಎತ್ತಿದೆ, ಮೂಗಿನ ಹತ್ತಿರ ತಂದೆ, ಹಿಂದೆ ಏನಾದರೂ ಗುರುತು ಉಂಟೋ ಎಂದು ತಿರುಗಿಸಿದೆ. ಖಾಲಿ. ಕೊನೆಗೆ ದೇವರ ಮೇಲೆ ಭಾರ ಹಾಕಿ ಎರಡನೇ ತುಂಡನ್ನು ಮೂಲದ ಪಕ್ಕದಲ್ಲಿಟ್ಟೆ.

ಆಗ ಕಿಟಕಿಯ ದಂಡೆಯ ಮೇಲೆ ಯಾರೋ ಬೆರಳ ಗಂಟಿನಿಂದ ಎರಡು ಸಲ ತಟ್ಟಿದರು. ಟಕ್ ಟಕ್. ನೋಡಿದರೆ ರುಡೊಲ್ಫ್ ಅಂಕಲ್, ಹೊರಗೆ ಲಾರಿ ನೋಡುತ್ತ ನಿಂತವರಂತೆ ನಿಂತಿದ್ದಾರೆ. ಅದು ಬೇಡ ಎಂದಂತೆ ಅನಿಸಿ ನಾನು ಆ ತುಂಡು ತೆಗೆದು ನಾಲ್ಕನೆಯದನ್ನು ಇಟ್ಟೆ. ಮತ್ತೆ ಎರಡು ಸಲ. ಐದನೆಯದನ್ನು ಇಟ್ಟೆ. ಒಂದು ಸಲ ತಟ್ಟಿದರು, ಆಮೇಲೆ ಸದ್ದಿಲ್ಲ. ನಾನು ಕೈ ತೆಗೆದೆ. ಮೆಲ್ವಿನ್ ಬಂದು ನೋಡಿ ‘ಕರೆಕ್ಟ್! ಇದು ಎಲ್ಲಕ್ಕಿಂತ ಕಷ್ಟದ್ದು ಮಾರಾಯ’ ಎಂದರು. ಗೆಳೆಯರಲ್ಲಿ ಮೂವರು ತಪ್ಪಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಮೇಡಂ ಫೋಟೊ ತೆಗೆದರು, ಸೋಮವಾರ ಹತ್ತು ಗಂಟೆಗೆ ಬಂದು ಕಾಗದಪತ್ರಕ್ಕೆ ಸಹಿ ಹಾಕು ಎಂದರು ಮೆಲ್ವಿನ್. ನಾನು ಹಲ್ಲು ಕಿರಿದು ನಿಂತಿದ್ದೆ.

ಎಲ್ಲರೂ ಕಾಲೇಜ್ ವ್ಯಾನ್ ಹತ್ತಿದರು, ನಾನು ಮನೆ ಹತ್ತಿರ ಎಂದು ಹೇಳಿ ಹೆದ್ದಾರಿಯ ಬಸ್‌ಸ್ಟಾಪಿಗೆ ನಡೆದೆ. ಹಿಂದಿನಿಂದ ರುಡೊಲ್ಫ್ ಅಂಕಲ್ ಬಂದರು, ಏದುಸಿರು ಬಿಡುತ್ತ. ‘ನೀನು ನೋಣಯ್ಯನ ತಂಗಿಯ ಮಗ ಅಲ್ವಾ?’ ಎಂದು ಕೇಳಿದರು. ‘ತುಂಡನ್ನು ಮೂಗಿನ ಹತ್ತಿರ ಹಿಡಿದು ಹಿಂದೆ ತಿರುಗಿಸಿದ್ದು ನೋಡಿದೆ. ಹದಿಮೂರು ವರ್ಷ ಅದನ್ನೇ ನೋಡಿದ್ದೇನೆ. ಎಂತ ಮಾರಾಯ, ನಿನಗೂ ಉಂಟಾ ಅದು?’ ಎಂದರು. ಆಮೇಲೆ ಅವರು ಅಳಲು ಶುರುಮಾಡಿದರು ಮಾವ. ಟ್ಯಾಂಕರ್‌ಗಳು ಹೋಗುತ್ತಿದ್ದ ರಸ್ತೆಯ ಪಕ್ಕದಲ್ಲಿ, ಅಷ್ಟು ದೊಡ್ಡ ಮನುಷ್ಯ. ನನಗೆ ಎಲ್ಲಿ ನೋಡಬೇಕು ಎಂದೇ ತಿಳಿಯಲಿಲ್ಲ. ‘ಅವನು ಹಸಿರು ಮಾರಲಿಲ್ಲ. ಅವನಿಗೆ ಹಸಿರು ಸರಿಯಾಗಿ ಕಾಣುವುದೇ ಇಲ್ಲ’ ಎಂದರು.

ಅವರು ಹೇಳಿದ್ದನ್ನು ನಿಮಗೇ ತಿರುಗಿ ಹೇಳುವುದು ತಮಾಷೆಯಾಗಿದೆ, ಆದರೆ ನನಗೆ ಎಷ್ಟು ಗೊತ್ತಾಗಿದೆ ಎಂದು ನಿಮಗೆ ತಿಳಿಯಬೇಕು. ನೀವು ಯಾವತ್ತೂ ಕಣ್ಣಿನಿಂದ ಬಣ್ಣ ಕಲಸಿದವರಲ್ಲ, ಗ್ರಾಂ ತೂಗಿ ಕಲಸಿದವರು. ನಿಮ್ಮ ತೂಕ ಒಮ್ಮೆಯೂ ತಪ್ಪಿದ್ದಿಲ್ಲ. ಕಿಟಕಿಯ ಹತ್ತಿರ ನೋಡುವಾಗ ರುಡೊಲ್ಫ್ ಅಂಕಲ್ ತಟ್ಟುತ್ತಿದ್ದರು, ಒಂದು ಸಲ ಎಂದರೆ ಸರಿ, ಎರಡು ಸಲ ಎಂದರೆ ತಪ್ಪು. ನಿಮ್ಮಿಬ್ಬರನ್ನು ಬಿಟ್ಟು ಮೂರನೆಯವನಿಗೆ ಗೊತ್ತಿರಲಿಲ್ಲ. ಒಂಬತ್ತು ವರ್ಷದ ಹಿಂದೆ ತಮ್ಮ ಮಗಳು ಎವ್ಲಿನ್‌ಗೆ ರೋಸ್, ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ಶಾಸ್ತ್ರ, ಅಂತ ಅವರು ಎರಡು ದಿನ ರಜೆ ಹಾಕಿದರು. ಕೆಲಸ ನಿಲ್ಲಬಾರದೆಂದು ಖಾಲಿ ಶೇಡ್ ಕಾರ್ಡಿಗೆ ಮೊದಲೇ ಸಹಿ ಹಾಕಿ ನಿಮ್ಮ ಕೈಗೆ ಕೊಟ್ಟರು. ಅದೇ ದಿನ ಹಸಿರಿನ ಹೊಸ ಡ್ರಮ್ ತೆರೆದದ್ದು. ಫ್ಯಾಕ್ಟರಿಗೆ ಬರುವಾಗಲೇ ಡ್ರಮ್ಮಿನೊಳಗಿನ ಬಣ್ಣ ಬೇರೆ ಇತ್ತು. ನೀವು ಎಂದಿನಂತೆ ಗ್ರಾಂ ತಪ್ಪದೆ ತೂಗಿದಿರಿ, ಕಿಟಕಿಗೆ ಹಿಡಿದಿರಿ, ತಟ್ಟಲು ಯಾರೂ ಇರಲಿಲ್ಲ. ಆಸ್ಪತ್ರೆಯ ಗೋಡೆಯಲ್ಲಿ ಎರಡು ಬಣ್ಣ ಬಂದ ಮೇಲೆ ನೀವು ಅವರ ಸಹಿಯ ಕಾರ್ಡನ್ನು ಹರಿದು, ನಿಮ್ಮ ಒಂದೇ ಸಹಿಯ ಕಾರ್ಡನ್ನು ಇಟ್ಟಿರಿ. ಕಾಣುವುದಿಲ್ಲ ಎಂದು ಧಣಿಗಳಿಗೆ ಹೇಳಿದ್ದರೆ, ಹಾಗಾದರೆ ಹದಿಮೂರು ವರ್ಷ ನಿನ್ನ ಬದಲು ನೋಡಿದವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಮಗಳ ಮದುವೆ ಮಾಡಿದ ವಾರದಲ್ಲೇ ಪೊರ್ಬುಗಳ ಕೆಲಸ ಹೋಗುತ್ತಿತ್ತು. ನೀವು ಕಳ್ಳ ಎನಿಸಿಕೊಂಡು ಸುಮ್ಮನಾದಿರಿ.

ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂಬತ್ತು ವರ್ಷ ಬಾಯಿಗೆ ಬೀಗ ಹಾಕಿ ಕುಳಿತಿರಲ್ಲ, ನನ್ನ ಅಮ್ಮ ಅಣ್ಣನನ್ನು ಕಳೆದುಕೊಂಡಳಲ್ಲ, ಎಂದು ಬಸ್‌ಸ್ಟಾಪಿನಲ್ಲಿ ಕೂಗಿದೆ. ಬಯ್ಯಿ ಎಂದರು. ಯಾರಿಗೂ ಹೇಳಬಾರದೆಂದು ನೀವು ಆಣೆ ಹಾಕಿಸಿದ್ದಿರಂತೆ. ನಿಮಗೆ ವರ್ಷಕ್ಕೊಂದು ಕಾರ್ಡ್ ಬರೆಯುತ್ತಾರಂತೆ, ನೀವೂ ಎರಡು ಸಾಲು ಬರೆಯುತ್ತೀರಂತೆ, ಅದರಲ್ಲಿ ಒಂದು ಸಾಲು ಯಾವಾಗಲೂ ‘ಅಳಿಯ ಎಂತ ಓದುತ್ತಾನೆ ವಿಚಾರಿಸು’ ಎಂದಂತೆ. ಹಾಗೆ ನಿಮ್ಮ ವಿಳಾಸ ಸಿಕ್ಕಿತು. ಆಮೇಲೆ ಪರ್ಸಿನಿಂದ ಬಾಲ ಯೇಸುವಿನ ಪಟ ತೆಗೆದು ಅದರ ಹಿಂದಿನಿಂದ ಈ ಎರಡು ತುಂಡು ತೆಗೆದುಕೊಟ್ಟರು. ಒಂದು ಮೂಲದ ಹಸಿರು, ಇನ್ನೊಂದು ಆ ದಿನದ ಬ್ಯಾಚಿನದ್ದು. ಯಾವುದು ಯಾವುದೆಂದು ಹೇಳಿಯೇ ಕೊಟ್ಟಿದ್ದರು. ಬಸ್ಸಿನ ನೂಕುನುಗ್ಗಲಿನಲ್ಲಿ ಕಿಸೆಯೊಳಗೆ ಎರಡೂ ಕಲಸಿಹೋದವು, ಈಗ ನನಗೆ ಗೊತ್ತಿಲ್ಲ. ಮನೆಯಲ್ಲಿ ಯಾರಿಗೆ ತೋರಿಸಿದರೂ ಒಂದು ಕ್ಷಣದಲ್ಲಿ ಹೇಳುತ್ತಾರೆ. ತೋರಿಸುವ ಧೈರ್ಯ ಬಂದಿಲ್ಲ. ಫೋನಿನಲ್ಲಿ ಫೋಟೊ ಕಳುಹಿಸಬಹುದಿತ್ತು, ಆದರೆ ಫೋನ್ ತನಗೆ ಬೇಕಾದ ಬಣ್ಣ ತೋರಿಸುತ್ತದೆ. ಇದನ್ನು ನೀವು ಕೈಯಲ್ಲೇ ಹಿಡಿದು ನೋಡಬೇಕು, ಕಿಟಕಿಯ ಬೆಳಕಿನಲ್ಲಿ.

ಮೂರು ದಿನದಿಂದ ನನಗೆ ಬೇರೆ ಯೋಚನೆಯೇ ಇಲ್ಲ. ಹಳೆಯದೆಲ್ಲ ಒಂದೊಂದಾಗಿ ನೆನಪಾಗುತ್ತಿದೆ. ಶಾಲೆಯ ಗುಡ್ಡದಲ್ಲಿ ನಾವು ಮೂವರೂ ಕೆಂಪು ಕೇಪುಳ ಹಣ್ಣು ಕೊಯ್ಯಲು ಹೋಗುತ್ತಿದ್ದೆವಲ್ಲ, ಅಕ್ಕ ಲಂಗದ ತುಂಬ ತುಂಬಿಸಿಕೊಂಡು ಬರುತ್ತಿದ್ದಳು, ನಿಮಗೂ ನನಗೂ ಎಲೆಯ ನಡುವೆ ಒಂದು ಹಣ್ಣೂ ಕಾಣುತ್ತಿರಲಿಲ್ಲ. ಹಣ್ಣೆಲ್ಲ ಹುಡುಗಿಯರನ್ನು ನೋಡಿದರೆ ಮಾತ್ರ ಹೊರಗೆ ಬರುತ್ತದೆ ಎಂದು ನೀವು ನನ್ನನ್ನು ಸಮಾಧಾನ ಮಾಡುತ್ತಿದ್ದಿರಿ. ಎರಡನೇ ಕ್ಲಾಸಿನಲ್ಲಿ ನಾನು ಗಿಳಿಗೆ ಕಂದು ಬಣ್ಣ ಹಚ್ಚಿ ಟೀಚರ್ ಕೈಯಲ್ಲಿ ಪೆಟ್ಟು ತಿಂದು ಬಂದೆ. ಮರುದಿನ ನೀವು ಹೊಸ ಬಣ್ಣದ ಪೆನ್ಸಿಲಿನ ಡಬ್ಬಿ ತಂದಿರಿ. ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೇ ಎತ್ತಿ ‘ಇದು ಎಂತ?’ ಎಂದು ಕೇಳಿ, ಬ್ಲೇಡಿನಿಂದ ತುದಿ ಕೆತ್ತಿ, ಪೆನ್ನಿನಲ್ಲಿ ಹೆಸರು ಬರೆದು ನನಗೆ ಕೊಟ್ಟಿರಿ. ಅಕ್ಕನಿಗೆ ಪಾಠ ಮಾಡುತ್ತಿದ್ದೀರಿ ಎಂದುಕೊಂಡಿದ್ದೆ. ನನಗೂ ಉಂಟು ಎಂದು ನಿಮಗೆ ಆಗಲೇ ಗೊತ್ತಾಗಿತ್ತು, ಅಲ್ಲವೇ? ಇದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದಂತೆ, ಪುಸ್ತಕದಲ್ಲಿ ಓದಿದೆ. ನಮ್ಮಲ್ಲಿ ಹಿಂದೆ ಮಾವನ ಆಸ್ತಿ ಅಳಿಯನಿಗೆ ಹೋಗುತ್ತಿತ್ತು ಎಂದು ಅಜ್ಜಿ ಈಗಲೂ ಹೆಮ್ಮೆಯಿಂದ ಹೇಳುತ್ತಾಳೆ. ನಮಗೆ ಗದ್ದೆಯೂ ಉಳಿಯಲಿಲ್ಲ, ತೋಟವೂ ಉಳಿಯಲಿಲ್ಲ. ನನ್ನ ಪಾಲಿಗೆ ನಿಮ್ಮ ಕಣ್ಣು ಬಂದಿದೆ. ನನಗೆ ಬೇಸರವಿಲ್ಲ ಮಾವ. ಬೇಸರ ಇರುವುದು ನೀವು ಅದನ್ನು ಒಬ್ಬರೇ ಹೊತ್ತುಕೊಂಡು ಹೋದದ್ದಕ್ಕೆ.

ನಾಳೆ ಸೋಮವಾರ. ಸಹಿ ಹಾಕಿದರೆ ಕೆಲಸ ಕಲಿಯುತ್ತೇನೆ, ಕಾಲೇಜಿನಲ್ಲಿ ಹೆಸರು ಬರುತ್ತದೆ, ಅಮ್ಮನ ಮುಖ ಅರಳುತ್ತದೆ, ಯಾವ ಫ್ಯಾಕ್ಟರಿ ಎಂದು ಕೇಳುವವರೆಗೆ. ಆದರೆ ಡಿಸೆಂಬರ್ ಒಂದಕ್ಕೆ ಕಿಟಕಿಯ ಪಕ್ಕ ತಟ್ಟುವವರು ಇರುವುದಿಲ್ಲ. ಒಂದು ದಿನ ಒಂದು ತಪ್ಪು ಬ್ಯಾಚು ನನ್ನ ಕೈಯಿಂದಲೂ ಹೋಗುತ್ತದೆ, ಆಗ ಯಾರನ್ನು ಕಳ್ಳ ಎನ್ನುತ್ತಾರೋ. ಸತ್ಯ ಹೇಳಿದರೆ ಆ ಜಾಗ ಹೋಗುತ್ತದೆ, ಮೇಡಂಗೆ ಗೊತ್ತಾಗುತ್ತದೆ, ಮುಂದೆ ಏನು ಓದುತ್ತೇನೋ ತಿಳಿಯದು. ಅದಕ್ಕಿಂತ ಹೆಚ್ಚಾಗಿ ರುಡೊಲ್ಫ್ ಅಂಕಲ್‌ಗೆ ನಿವೃತ್ತಿಗೆ ಇನ್ನು ಹದಿನಾಲ್ಕೇ ದಿನ. ‘ಮೂವತ್ತನೇ ತಾರೀಕು ಕಳೆಯಲಿ ಮಾರಾಯ, ಮತ್ತೆ ನಾನೇ ಧಣಿಗಳ ಕಾಲಿಗೆ ಬಿದ್ದು ಹೇಳ್ತೇನೆ’ ಎಂದು ಕೈಮುಗಿದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಇಷ್ಟು ವರ್ಷ ಕಾದದ್ದು ಇನ್ನೆರಡು ವಾರ ಕಾಯಬಹುದು ಎಂದು ನನ್ನ ಒಂದು ಮನಸ್ಸು ಹೇಳುತ್ತದೆ. ಆದರೆ ಸಹಿ ನಾಳೆಯೇ ಹಾಕಬೇಕು, ಮತ್ತು ಆಮಂತ್ರಣ ಪತ್ರಿಕೆ ಬುಧವಾರ ಅಚ್ಚಿಗೆ ಹೋಗುತ್ತದೆ, ಸೋದರಮಾವನ ಜಾಗದಲ್ಲಿ ಬೇರೆಯವರ ಹೆಸರಿನೊಂದಿಗೆ. ನಿಮ್ಮ ಒಪ್ಪಿಗೆ ಕೇಳೋಣವೆಂದರೆ ಈ ಪತ್ರ ನಿಮಗೆ ತಲುಪುವಾಗ ಎರಡು ವಾರ ಕಳೆದಿರುತ್ತದೆ. ಗುಟ್ಟು ನಿಮ್ಮದು, ಪೊರ್ಬುಗಳದ್ದು. ಅದನ್ನು ಹೇಳುವ ಹಕ್ಕು ನನಗುಂಟೋ ಇಲ್ಲವೋ ನನಗೆ ತಿಳಿಯುತ್ತಿಲ್ಲ. ಒಂದು ಮಾತ್ರ ಗೊತ್ತು. ನನಗೂ ಕಾಣುವುದಿಲ್ಲ ಎಂಬುದು ನನ್ನದೇ ಗುಟ್ಟು, ಅದನ್ನು ಹೇಳಲು ಯಾರನ್ನೂ ಕೇಳಬೇಕಾಗಿಲ್ಲ. ಅಷ್ಟನ್ನು ಹೇಳಿ ಬರುತ್ತೇನೆ ಎಂದುಕೊಂಡಿದ್ದೇನೆ. ಬಾಗಿಲವರೆಗೆ ಹೋಗಿ ತಿರುಗಿ ಬಂದರೆ ಬಯ್ಯಬೇಡಿ.

ಅಮ್ಮ ಒಳಗೆ ಮೀನು ಕೊಯ್ಯುತ್ತಿದ್ದಾಳೆ. ಬಂಗುಡೆ. ಇಷ್ಟುದ್ದ ಏನು ಬರೆಯುತ್ತೀ ಎಂದು ಆಗಲೇ ಎರಡು ಸಲ ಕೇಳಿದಳು. ಪ್ರಾಜೆಕ್ಟ್ ಎಂದಿದ್ದೇನೆ.

ಬಿಸಿಲಿನಲ್ಲಿ ತಿರುಗಬೇಡಿ, ಬೆನ್ನಿಗೆ ಎಣ್ಣೆ ಹಚ್ಚಿಕೊಳ್ಳಿ. ಅಜ್ಜಿಯ ಆಶೀರ್ವಾದ ಕೇಳದೆಯೇ ಬರೆಯುತ್ತಿದ್ದೇನೆ, ಅದು ಯಾವಾಗಲೂ ನಿಮ್ಮ ಮೇಲೆ ಇದ್ದೇ ಇದೆ. ಅಕ್ಕನ ನಮಸ್ಕಾರವನ್ನೂ ಹಾಗೆಯೇ ಸ್ವೀಕರಿಸಿ.

ನಿಮ್ಮ ಕಣ್ಣಿನ ಪಾಲುದಾರ,
ಅಳಿಯ ಶೈಲೇಶ

ಮರೆತ ಮಾತು: ಸೋಮವಾರ, ಸುರತ್ಕಲ್ ಪೋಸ್ಟ್ ಆಫೀಸಿನ ಬೆಂಚಿನಲ್ಲಿ ಕುಳಿತು ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಕೌಂಟರ್ ಮುಚ್ಚಲು ಹತ್ತು ನಿಮಿಷ ಉಂಟು. ಹೇಳಿಬಿಟ್ಟೆ ಮಾವ. ಮೆಲ್ವಿನ್ ಎದುರು ನಿಂತು, ನನಗೆ ಹಸಿರು ಕಾಣುವುದಿಲ್ಲ, ಗುರುವಾರ ನಾನು ನೋಡಿ ಹೇಳಿದ್ದಲ್ಲ, ಎಂದೆ. ನಿಮ್ಮ ಹೆಸರಾಗಲಿ, ಅಂಕಲ್ ಹೆಸರಾಗಲಿ ಎತ್ತಲಿಲ್ಲ. ಹಾಗಾದರೆ ಯಾರು ನೋಡಿದ್ದು ಎಂದು ಅವರು ಕೇಳಿದರು. ಆಗ ನನ್ನ ಹಿಂದೆ ಬಾಗಿಲ ಚೌಕಟ್ಟಿಗೆ ಯಾರೋ ತಟ್ಟಿದರು. ಒಂದೇ ಸಲ. ರುಡೊಲ್ಫ್ ಅಂಕಲ್ ಒಳಗೆ ಬಂದು, ‘ನಾನು ನೋಡಿದ್ದು. ಇವನ ಮಾವನಿಗೂ ನಾನೇ ನೋಡುತ್ತಿದ್ದದ್ದು’ ಎಂದು ಕುಳಿತು, ಖಾಲಿ ಕಾರ್ಡಿನ ಸಹಿಯವರೆಗೆ ಎಲ್ಲ ಹೇಳಿದರು. ಮೆಲ್ವಿನ್ ಧಣಿಗಳಿಗೆ ಫೋನ್ ಮಾಡಿದರು. ಅಂಕಲ್‌ನ ವಿಷಯ ಏನಾಗುತ್ತದೋ ಇನ್ನೂ ಗೊತ್ತಿಲ್ಲ. ಶೇಡ್ ರೂಮಿನಲ್ಲಿ ನನಗೆ ಜಾಗ ಇಲ್ಲ, ಅದು ಸರಿಯೇ. ಧಣಿಗಳು ನಿಮ್ಮ ನಂಬರ್ ಕೇಳಿದರು. ಇಲ್ಲ ಎಂದೆ.

ಮನೆಗೆ ಬಂದು ಅಮ್ಮನಿಗೆ ಈ ಪತ್ರವನ್ನೇ ಕೊಟ್ಟೆ. ಕೊನೆಯ ಹಾಳೆಯವರೆಗೂ ಓದಿದಳು. ಆಮೇಲೆ ಪಿನ್ ಬಿಚ್ಚಿ ಎರಡೂ ತುಂಡನ್ನು ಅಡುಗೆಮನೆಯ ಕಿಟಕಿಗೆ ಹಿಡಿದು ನೋಡಿ, ನನ್ನ ಪೆನ್ನು ಕಿತ್ತುಕೊಂಡು ಎರಡರ ಹಿಂದೆಯೂ ಬರೆದಳು. ನನ್ನ ಬಣ್ಣದ ಪೆನ್ಸಿಲುಗಳ ಮೇಲೆ ನೀವು ಬರೆದ ಹಾಗೆ. ಒಂದರ ಹಿಂದೆ ‘ಇದು ಹಸಿರು’ ಎಂದಿದೆ. ಇನ್ನೊಂದರ ಹಿಂದೆ ಬರೆದದ್ದನ್ನು ನಾನೂ ಓದಿದೆ: ‘ಇದು ಅಲ್ಲ ಅಣ್ಣ. ಮೂರು ಸಲ ಕೇಳಿದೆ, ನೀವು ನಿಜವೇ ಹೇಳಿದ್ದಿರಿ, ನಾನು ನಂಬಲಿಲ್ಲ. ಮೂಲ್ಕಿಯವನಿಗೆ ಬೇಡ ಎಂದು ಹೇಳಿದ್ದೇನೆ. ಅಕ್ಷಿತಾಳ ಕೈ ಹಿಡಿಯಲು ಬನ್ನಿ.’

ಈಗ ತಿರುಗಿಸಿ ನೋಡಿ ಮಾವ.